ನಾಲ್ಕು ದಿನಕ್ಕೊಂದು ಗುಡಾರ

ಗಾಜಿನ ಚೂರಿನ ಮೇಲೆ ನೇರಳೆ ಬಣ್ಣ ಹೀರಿಕೊಂಡ
ಅರ್ಧ ಅಕ್ಕಿಕಾಳಿನಷ್ಟು ಕರುಳು.
ಹೆಸರು ಎನ್‌ಗಿಯಾ. ವಯಸ್ಸು ಏಳು,
ತೂಕ ನಾಲ್ಕರ ಮಗುವಿನದು.
ತಿಂದೂಫಿನ ಆಸ್ಪತ್ರೆಯ ಹಿಂಬದಿ ಕೋಣೆ.
ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೂ
ಸೂಕ್ಷ್ಮದರ್ಶಕದ ಕಣ್ಣಿಗೆ ಮರಳು ಬೀಳುತ್ತದೆ.
ಊದಿ, ಒರೆಸಿ, ಮತ್ತೆ ಬಗ್ಗುತ್ತೇನೆ.

ಇಲ್ಲಿರಬೇಕಾದದ್ದು ಬೆರಳುಗಳು,
ಹಸಿದ ಬೆರಳುಗಳು, ಒತ್ತೊತ್ತಾಗಿ,
ಜಮಖಾನೆಯ ಜುಂಗಿನ ಹಾಗೆ.
ಇರುವುದು ಬೋಳು.
ಹೊರಗಿನ ಹಮ್ಮಾದದ ಹಾಗೆಯೇ, ಕಲ್ಲು ಹಾಸಿದ ಬಯಲು.

ಪರದೆಯಾಚೆ ಅವಳ ತಾಯಿ ತಫರ್ರಾ:
'ನನ್ನ ಮಗಳ ಹೊಟ್ಟೆಗೆ ಕಾವಲೇ ಇಲ್ಲವೇ?'

ಇದೆ, ತಫರ್ರಾ. ಅದೇ ಹೆಚ್ಚಾಗಿದೆ.

ನೋಡು, ಒಳಗಿಗೂ ಹೊರಗಿಗೂ ನಡುವೆ
ಒಂದೇ ಒಂದು ಕೋಶದ ದಪ್ಪ.
ಈರುಳ್ಳಿ ಸಿಪ್ಪೆಗೂ ಇದಕ್ಕಿಂತ ಮೈಯಿದೆ.
ಬಿಡಿಸಿ ಹಾಸಿದರೆ ನಿನ್ನ ಗುಡಾರದ ನೆಲದಷ್ಟು.
ಅದರಾಚೆ ಸಂತೆ, ಲೆಕ್ಕಕ್ಕೆ ಸಿಗದ ಮಂದಿ:
ಕೂಲಿಗೆ ಬಂದವರು, ಸುಮ್ಮನೆ ಹಾದುಹೋಗುವವರು,
ಒಬ್ಬಿಬ್ಬರ ಸೊಂಟದಲ್ಲಿ ಚಾಕು.
ಎಲ್ಲರನ್ನೂ ಕೊಂದರೆ ಸಂತೆಯಿಲ್ಲ,
ಯಾರನ್ನೂ ತಡೆಯದಿದ್ದರೆ ಮನೆಯಿಲ್ಲ.

ಅದಕ್ಕೇ ಮೊದಲು ಲೋಳೆ, ಕಾಲು ಜಾರುವಷ್ಟು.
ಲೋಳೆಯೊಳಗೆ ನಾಲ್ಕು ತೋಳಿನ ಪ್ರತಿಕಾಯಗಳು,
ನಾಲ್ಕರಲ್ಲೂ ಆಯುಧವಿಲ್ಲ.
ಬಂದವನ ರಟ್ಟೆ ಹಿಡಿದು
'ನಡಿ, ಈ ಕಡೆ ದಾರಿಯಿಲ್ಲ' ಎಂದು ಸಾಗಹಾಕುತ್ತವೆ.
(ಮೊದಲ ತಂಡವನ್ನು ಹಾಲಿನಲ್ಲಿ ನೀನೇ ಕಳಿಸಿದ್ದೆ.)
ಗುಂಡಿಗಳ ತಳದಲ್ಲಿ ಕೆಲವರು, ವಿಷದ ಚೀಲ ಬಿಗಿಹಿಡಿದು.
ಅಲ್ಲಲ್ಲಿ ಗೋಡೆಯೇ ಕಿಂಡಿ ತೆರೆದು
ಒಬ್ಬೊಬ್ಬನನ್ನು ಒಳಗೆ ಕರೆಯುತ್ತದೆ,
ಮುಖ ನೋಡಿ ನೆನಪಿಟ್ಟುಕೊಳ್ಳಲು.
ಇವರೆಲ್ಲರ ಹಿಂದೆ, ಹಿರಿಯರಂಥ ಕೆಲವು ಕೋಶಗಳು.
ಅವರ ಕೆಲಸ 'ಬಿಡು' ಅನ್ನುವುದು.
ಒಂಟೆಯ ಹಾಲು ಬಂತು, ಬಿಡು.
ಖರ್ಜೂರ ಬಂತು, ಬಿಡು.
ಗುಡಾರಕ್ಕೆ ಬಂದವನ ಹೆಸರನ್ನು ಮೂರು ದಿನ ಕೇಳಬಾರದು
ಅನ್ನುತ್ತಿದ್ದಳಲ್ಲ ನಿನ್ನಜ್ಜಿ, ಹಾಗೆ.

ಎನ್‌ಗಿಯಾಳ ಒಳಗೆ ಯಾರೋ ಹೆಸರು ಕೇಳಿದರು.

ಗೋಧಿ, ಅಂದಿತು ಅದು.
ಮೂಟೆಯ ಮೇಲೆ ಯಾವುದೋ ದೇಶದ ಬಾವುಟ,
ಹಡಗು ಹತ್ತಿ ಲಾರಿ ಹತ್ತಿ ಬಂದ ತಿಂಗಳ ಪಡಿತರ.
ಕೂಗೆದ್ದಿತು. ಕಾವಲಿನವರು ಓಡಿಬಂದು
ನೆಂಟನ ಜೊತೆ ಗುಡಾರವನ್ನೂ ಕೊಚ್ಚಿದರು.
ಬೇಲಿಯೇ ಎದ್ದು ಹೊಲ ಮೇಯಿತು ಅನ್ನಬಹುದಿತ್ತು,
ಆದರೆ ಇಲ್ಲಿ ಹೊಲವೆಲ್ಲಿ?
ಇರುವ ಬೇಲಿ ಒಂದೇ, ಪಡುವಣದ ಆ ಮರಳುಗೋಡೆ;
ನಿನ್ನ ಗಂಡ ಅದರಾಚೆ ಹುಟ್ಟಿದವನು.

ರೊಟ್ಟಿ ನಿಲ್ಲಿಸು, ಅಂದೆ. ಅಕ್ಕಿ, ಮುಸುಕಿನ ಜೋಳ ಕೊಡು.
ಬೇರೆ ಹಿಟ್ಟಿನ ಪಟ್ಟಿಗೆ ಹೆಸರು ಬರೆದೆ.
'ಬಡವರ ಹೊಟ್ಟೆಗೂ ಇಷ್ಟು ಹಟವೇ?' ಎಂದು ನಕ್ಕಳು,
ಆಮೇಲೆ ನಗಲಿಲ್ಲ.

ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿಸಿದಳು:
ಆ ಗೋಡೆ ಒಂದೇ ಅಲ್ಲ.
ನಾಲ್ಕೈದು ದಿನಕ್ಕೊಮ್ಮೆ ಹಳೆಯದು ಕಳಚಿ ಬಿದ್ದು
ತಳದಿಂದ ಹೊಸದು ಮೇಲೇರುತ್ತದೆ,
ಗುಣವಾಗುವುದೂ ಹಾಗೆಯೇ.

'ನಾಲ್ಕು ದಿನಕ್ಕೊಮ್ಮೆ ಗುಡಾರ ಎತ್ತುತ್ತಾರೆಯೇ?'
ಹೌದು.
'ನಮ್ಮಮ್ಮ ಇಲ್ಲಿ ಗೂಟ ಹೊಡೆದಾಗ
ನಾನಿನ್ನೂ ಅವಳ ಹೊಟ್ಟೆಯಲ್ಲಿದ್ದೆ.
ಆಮೇಲೆ ಎತ್ತಲೇ ಇಲ್ಲ.'
ಮಗಳ ಉಬ್ಬಿದ ಹೊಟ್ಟೆಯ ಮೇಲೆ ಅಂಗೈಯಿಟ್ಟು
ತುಸು ಹೊತ್ತು ಸುಮ್ಮನಿದ್ದಳು,
ದೂರದ ಗಂಟೆಗೆ ಕಿವಿಗೊಟ್ಟವಳ ಹಾಗೆ.

ಅವರು ಹೋದ ಮೇಲೆ ಮತ್ತೆ ಬಗ್ಗಿದೆ.
ಬೋಳು ಬಯಲಿನ ಅಂಚಿಗೆ, ಗುಂಡಿಯೊಂದರ ಆಳದಲ್ಲಿ
ಒಂದು ಕೋಶ ಎರಡಾಗುವ ಗಳಿಗೆಯಲ್ಲಿ
ಬಣ್ಣಕ್ಕೆ ಸಿಕ್ಕಿಬಿದ್ದಿತ್ತು.
ಆ ತುದಿಗೊಂದು ಗೂಟ, ಈ ತುದಿಗೊಂದು,
ನಡುವೆ ಬಿಗಿದ ಹಗ್ಗ.